42 ಕ್ರೆಡಿಟ್‌ಗಳನ್ನು ನಾನು ಹಂಚಿಕೊಂಡಿದ್ದು ಹೀಗೆ

ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡ ದಿನವೇ ಇತಿಹಾಸಕ್ಕೆ ಕೈಮುಗಿದವನು ನಾನು. ಕಂಪ್ಯೂಟರ್ ಸೈನ್ಸ್ ಓದಲು ಟೆಕ್ಸಾಸ್‌ಗೆ ಹೋದರೆ ಅಲ್ಲಿ ಮತ್ತೆ ಇತಿಹಾಸವೇ ಎದುರಾಯಿತು. ಆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಯಾವ ಬ್ಯಾಚುಲರ್ ಡಿಗ್ರಿ ಮಾಡಿದರೂ 42 ಕ್ರೆಡಿಟ್‌ಗಳ ಕೋರ್ ಕರಿಕ್ಯುಲಮ್, ಅಂದರೆ ಎಲ್ಲರಿಗೂ ಕಡ್ಡಾಯವಾದ ಸಾಮಾನ್ಯ ವಿಷಯಗಳನ್ನು ಓದಲೇಬೇಕು. ಕ್ರೆಡಿಟ್ ಅಂದರೆ ಒಂದು ಕೋರ್ಸ್ ಎಷ್ಟು ದೊಡ್ಡದು ಅಂತ ಅಳೆಯುವ ಲೆಕ್ಕ. ಇಡೀ ಡಿಗ್ರಿಗೆ 120ರ ಆಸುಪಾಸು. ಅಂದರೆ ಮೂರನೇ ಒಂದು ಭಾಗ ಇದಕ್ಕೇ ಹೋಗುತ್ತದೆ.

ಲೆಕ್ಕ ಹೀಗಿದೆ. ಅಮೆರಿಕದ ಇತಿಹಾಸ 6, ಸರ್ಕಾರ ಮತ್ತು ರಾಜಕೀಯ 6, ಬರವಣಿಗೆ 6, ವಿಜ್ಞಾನ 6. ಗಣಿತ, ಕಲೆ, ಸಮಾಜ ವಿಜ್ಞಾನ, ಭಾಷೆ-ತತ್ವಶಾಸ್ತ್ರ-ಸಂಸ್ಕೃತಿ ಇವಕ್ಕೆ ತಲಾ 3. ಉಳಿದ 6 ಎಲ್ಲಿ ತುಂಬಬೇಕು ಅನ್ನುವುದನ್ನು ಆಯಾ ವಿಶ್ವವಿದ್ಯಾಲಯ ಹೇಳುತ್ತದೆ.

ಸೀನಿಯರ್‌ಗಳೆಲ್ಲ ಕೊಡುವ ಸಲಹೆ ಒಂದೇ: ‘ಮೊದಲ ಎರಡು ವರ್ಷದಲ್ಲಿ ಕೋರ್ ಮುಗಿಸಿ ಕೈತೊಳೆದುಕೋ.’ ನಾನು ಹಾಗೆ ಮಾಡಲಿಲ್ಲ. ನಾಲ್ಕೂ ವರ್ಷಕ್ಕೆ ಹರಡಿಕೊಂಡೆ. ಕಾರಣ ಸರಳ. ಕೋರ್ ಎಲ್ಲ ಮೊದಲೇ ಮುಗಿದರೆ ಕೊನೆಯ ಎರಡು ವರ್ಷ ಬರೀ ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯದ ಕೋರ್ಸ್‌ಗಳೇ ಉಳಿಯುತ್ತವೆ. ಆಪರೇಟಿಂಗ್ ಸಿಸ್ಟಮ್ಸ್, ಆಲ್ಗರಿದಮ್ಸ್, ನೆಟ್‌ವರ್ಕ್ಸ್ ಮೂರೂ ಒಂದೇ ಸೆಮಿಸ್ಟರ್‌ನಲ್ಲಿ ಬಿದ್ದರೆ ನಿದ್ದೆ ಮರೆತುಬಿಡಿ. ಇನ್ನೊಂದು ವಿಷಯ ಇದೆ. ಮೇಜರ್ ಕೋರ್ಸ್‌ಗಳು ಸರಪಳಿಯ ಹಾಗೆ. ಒಂದು ಪಾಸಾಗದೆ ಮುಂದಿನದು ಸಿಗುವುದಿಲ್ಲ. ಕೋರ್‌ನ ಹೆಚ್ಚಿನ ಕೋರ್ಸ್‌ಗಳಿಗೆ ಆ ತೊಡಕಿಲ್ಲ, ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು. ಜಾಗ ಬದಲಿಸಲು ಬರುವುದನ್ನು ಕೈಯಲ್ಲಿ ಇಟ್ಟುಕೊಳ್ಳೋದು ಒಳ್ಳೇದು ಅಲ್ವಾ?

ಇದಕ್ಕೊಂದು ಅಪವಾದ ಬರವಣಿಗೆ. ಅದನ್ನು ಮೊದಲ ವರ್ಷವೇ ಮುಗಿಸಿದೆ. ಇತಿಹಾಸ, ಸರ್ಕಾರ, ತತ್ವಶಾಸ್ತ್ರ ಎಲ್ಲದರಲ್ಲೂ ಪ್ರಬಂಧ ಬರೆಯಬೇಕು. ಮೂಲ ಹೇಗೆ ನಮೂದಿಸುವುದು, ವಾದ ಹೇಗೆ ಕಟ್ಟುವುದು ಅಂತ ಗೊತ್ತಿಲ್ಲದೆ ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ.

ಮುಂದಿನ ಕೆಲಸ, ಒಂದೇ ಕೋರ್ಸ್ ಎರಡು ಕಡೆ ಲೆಕ್ಕಕ್ಕೆ ಬರುತ್ತದಾ ಅಂತ ಹುಡುಕುವುದು. ಕ್ಯಾಲ್ಕುಲಸ್ ನನ್ನ ಮೇಜರ್‌ಗೂ ಬೇಕು, ಕೋರ್‌ನ ಗಣಿತಕ್ಕೂ ಆಗುತ್ತದೆ. ಫಿಸಿಕ್ಸ್ ಕೂಡ ಹಾಗೇ. ಇದನ್ನೆಲ್ಲ ಡಿಗ್ರಿ ಆಡಿಟ್‌ನಲ್ಲಿ ನೋಡಿಯೇ ನಿರ್ಧರಿಸಿದೆ. ಆಡಿಟ್ ಅಂದರೆ ಯಾವ ಕೋರ್ಸ್ ಯಾವ ಖಾನೆಗೆ ಕೂತಿದೆ ಅಂತ ತೋರಿಸುವ ಪುಟ. ಒಬ್ಬ ಅಡ್ವೈಸರ್ ‘ಈ ಸಂಗೀತದ ಕೋರ್ಸ್ ಕಲೆಯ ಖಾನೆಗೆ ಆಗುತ್ತೆ’ ಅಂದರು. ಆಡಿಟ್‌ನಲ್ಲಿ ಹಾಕಿ ನೋಡಿದರೆ ಅದು ಫ್ರೀ ಎಲೆಕ್ಟಿವ್, ಅಂದರೆ ಇಷ್ಟಬಂದದ್ದು ಓದುವ ಖಾನೆಯ ಕೆಳಗೆ ಹೋಗಿ ಕೂತಿತು. ಹಾಗಾಗಿ ಬಾಯಿಮಾತು ಎಷ್ಟೇ ಸಿಹಿಯಾಗಿದ್ದರೂ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ನೀವು ಸೇರಿದ ವರ್ಷದ ಕ್ಯಾಟಲಾಗ್ (ಡಿಗ್ರಿಯ ನಿಯಮಗಳ ಪುಸ್ತಕ) ಯಾವುದು ಅಂತಲೂ ತಿಳಿದಿರಲಿ. ಸಾಮಾನ್ಯವಾಗಿ ಆ ಕ್ಯಾಟಲಾಗ್‌ನ ನಿಯಮವೇ ನಿಮಗೆ ಅನ್ವಯ, ರೂಮ್‌ಮೇಟ್‌ನದ್ದಲ್ಲ.

ವಿಜ್ಞಾನದಲ್ಲಿ ಇನ್ನೊಂದು ಕೋರ್ಸ್‌ಗೆ ಆಯ್ಕೆ ಇತ್ತು. ಎಲ್ಲರೂ ಸುಲಭ ಅಂತ ಖಗೋಳಶಾಸ್ತ್ರಕ್ಕೆ ಹೋಗುತ್ತಿದ್ದರು. ನಾನು ಲ್ಯಾಬ್ ಇರುವ ಭೂವಿಜ್ಞಾನ ಹಿಡಿದೆ. ಒಂದು ವಾರ ಟೇಬಲ್ ಮೇಲೆ ಎರಡು ಬಿಳಿ ಕಲ್ಲು ಇಟ್ಟಿದ್ದರು. ನೋಡಲು ಎರಡೂ ಒಂದೇ ಥರ. ಒಂದನ್ನು ಗಾಜಿನ ತುಂಡಿನ ಮೇಲೆ ಒತ್ತಿ ಎಳೆದರೆ ಗೀರು ಬಿತ್ತು. ಇನ್ನೊಂದನ್ನು ಎಳೆದರೆ ಪುಡಿ ಮಾತ್ರ. ಬೆರಳಲ್ಲಿ ಒರೆಸಿದರೆ ಗಾಜು ಮೊದಲಿನ ಹಾಗೇ ಇತ್ತು. ಮೋಸ್ ಮಾಪಕದಲ್ಲಿ ಗಾಜಿನ ಗಟ್ಟಿತನ ಸುಮಾರು 5.5. ಗೀರಿದ್ದು ಕ್ವಾರ್ಟ್ಜ್, ಅದು 7. ಇನ್ನೊಂದು ಕ್ಯಾಲ್ಸೈಟ್, ಬರೀ 3. ಅದರ ಮೇಲೆ ತೆಳು ಹೈಡ್ರೋಕ್ಲೋರಿಕ್ ಆಸಿಡ್ ಒಂದು ಹನಿ ಬಿಟ್ಟರೆ ಬುಸ್ ಅಂತ ನೊರೆ ಬಂತು. ರಿಪೋರ್ಟ್‌ನಲ್ಲಿ ಕಂಡದ್ದು ಒಂದು ಕಾಲಂ, ಅದರಿಂದ ಏನು ತಿಳಿಯಿತು ಅನ್ನೋದು ಇನ್ನೊಂದು ಕಾಲಂ. ‘ನೊರೆ ಬಂತು’ ಅನ್ನುವ ಕಡೆ ‘ಕ್ಯಾಲ್ಸೈಟ್’ ಅಂತ ಬರೆದರೆ ಅಂಕ ಕಟ್. ಈಗ ಕೆಲಸದಲ್ಲಿ ಬಗ್ ರಿಪೋರ್ಟ್ ಬರೆಯುವಾಗ ನಾನು ಅದೇ ಎರಡು ಕಾಲಂ ಹಾಕುತ್ತೇನೆ.

ಸರ್ಕಾರದ ಕೋರ್ಸ್ ಬೋರ್ ಅಂದುಕೊಂಡೇ ಹೋಗಿದ್ದೆ. ಟೆಕ್ಸಾಸ್ ಸಂವಿಧಾನ 1876ರದ್ದು, 500ಕ್ಕೂ ಜಾಸ್ತಿ ತಿದ್ದುಪಡಿ ಕಂಡಿದೆ. ಶಾಸನಸಭೆಯ ಮಾಮೂಲಿ ಅಧಿವೇಶನ ಎರಡು ವರ್ಷಕ್ಕೊಮ್ಮೆ, ಅದೂ ಹೆಚ್ಚೆಂದರೆ 140 ದಿನ. ನಾನು ಆ ಕ್ಲಾಸಿನಲ್ಲಿ ಇದ್ದದ್ದು 2023ರಲ್ಲಿ. ಆ ನವೆಂಬರ್‌ನಲ್ಲಿ 14 ತಿದ್ದುಪಡಿಗಳು ಮತಕ್ಕೆ ಬಂದವು. ಒಂದೊಂದನ್ನೂ ಓದಿ, ಇದು ಯಾರಿಗೆ ಲಾಭ, ದುಡ್ಡು ಎಲ್ಲಿಂದ ಬರುತ್ತದೆ ಅಂತ ಬರೆಯುವುದೇ ಅಸೈನ್‌ಮೆಂಟ್. 13 ಪಾಸಾದವು. ನ್ಯಾಯಾಧೀಶರ ನಿವೃತ್ತಿ ವಯಸ್ಸು ಏರಿಸುವುದೊಂದು ಬಿದ್ದುಹೋಯಿತು. ನನಗೆ ವೋಟಿಲ್ಲ, ಆದರೂ ಫಲಿತಾಂಶ ಬರುವ ರಾತ್ರಿ ಕೂತು ನೋಡಿದೆ!

ಸೆಕ್ಷನ್ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಒಂದೇ ಇತಿಹಾಸ ಕೋರ್ಸ್, ಆದರೆ ಒಂದು ಸೆಕ್ಷನ್‌ನಲ್ಲಿ ದೊಡ್ಡ ಹಾಲ್, ಟಿಕ್ ಹಾಕುವ ಪರೀಕ್ಷೆ. ಇನ್ನೊಂದರಲ್ಲಿ ಚಿಕ್ಕ ಕ್ಲಾಸು, ಪ್ರತಿ ವಾರ ಒಂದು ಪುಟ ಬರೆಯಬೇಕು. ನಮ್ಮ ಕಡೆಯಿಂದ ಹೋದವರಿಗೆ ಟಿಕ್ ಹಾಕುವುದು ನೀರು ಕುಡಿದಷ್ಟು ಸುಲಭ. ಆದರೂ ನಾನು ಎರಡನೆಯದಕ್ಕೇ ಸೇರಿದೆ. ದೊಡ್ಡ ಹಾಲ್‌ನಲ್ಲಿ ಪ್ರೊಫೆಸರ್‌ಗೆ ನಿಮ್ಮ ಹೆಸರೂ ಗೊತ್ತಿರುವುದಿಲ್ಲ, ಮುಂದೆ ಶಿಫಾರಸು ಪತ್ರ ಯಾರ ಹತ್ತಿರ ಕೇಳುತ್ತೀರಿ?

ಬರೆಯುವ ಕೆಲಸ ಜಾಸ್ತಿ ಇರುವ ಎರಡು ಕೋರ್ಸ್‌ಗಳನ್ನು ಮಾತ್ರ ಒಂದೇ ಸೆಮಿಸ್ಟರ್‌ಗೆ ಹಾಕಲಿಲ್ಲ. ಹಳೆಯ ಸಿಲಬಸ್‌ಗಳನ್ನು ಪಕ್ಕಪಕ್ಕ ಇಟ್ಟು ಪ್ರಬಂಧ ಕೊಡುವ ವಾರಗಳನ್ನು ಗುರುತು ಮಾಡಿದೆ. ಹೆಚ್ಚಿನವು ನಡು ಸೆಮಿಸ್ಟರ್ ಮತ್ತು ಕೊನೆಗೇ ಬರುತ್ತವೆ, ಮೇಜರ್‌ನ ಪ್ರಾಜೆಕ್ಟ್ ಕೂಡ ಅದೇ ಹೊತ್ತಿಗೆ. ‘ಕಷ್ಟವಾದರೆ ಡ್ರಾಪ್ ಮಾಡಿದರಾಯಿತು’, ಅಂದರೆ ಕೋರ್ಸ್ ನಡುವೆಯೇ ಬಿಟ್ಟರಾಯಿತು, ಅನ್ನುವ ಹಾಗೂ ಇಲ್ಲ. 2007ರ ನಂತರ ಸೇರಿದವರಿಗೆ ಅಲ್ಲಿನ ಕಾನೂನು ಇಡೀ ಡಿಗ್ರಿಯಲ್ಲಿ 6 ಡ್ರಾಪ್ ಮಾತ್ರ ಕೊಡುತ್ತದೆ.

ಖರ್ಚು ಕಡಿಮೆಯಾಗಲಿ ಅಂತ ಬೇಸಿಗೆ ರಜೆಯಲ್ಲಿ ಕೋರ್‌ನ ಕೆಲವು ಕೋರ್ಸ್‌ಗಳನ್ನು ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜು) ಮಾಡಿದೆ. ಅಲ್ಲಿ ರಾಜ್ಯಕ್ಕೆಲ್ಲ ಹೊಂದುವ ಕೋರ್ಸ್ ನಂಬರ್ ಪದ್ಧತಿ ಇದೆ. ಹಿಸ್ಟರಿ 1301 ಅಂದರೆ ಮೊದಲ ಅಂಕಿ ಹಂತ, ಎರಡನೆಯದು ಕ್ರೆಡಿಟ್. ಆ ನಂಬರ್ ಹೊಂದಿಕೆಯಾದರೆ ಟ್ರಾನ್ಸ್‌ಫರ್‌ಗೆ ತಲೆನೋವಿಲ್ಲ. ಸೇರುವ ಮೊದಲೇ ನಮ್ಮ ವಿಶ್ವವಿದ್ಯಾಲಯದ ಒಪ್ಪಿಗೆ ತೆಗೆದುಕೊಂಡಿದ್ದೆ.

ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಇನ್ನೊಂದು ಲೆಕ್ಕ ನೋಡಬೇಕು. ಫುಲ್‌ಟೈಮ್‌ಗೆ ಸೆಮಿಸ್ಟರ್‌ಗೆ 12 ಕ್ರೆಡಿಟ್ ಬೇಕು, ಅದರಲ್ಲಿ ಆನ್‌ಲೈನ್ ಒಂದು ಕೋರ್ಸ್ ಮಾತ್ರ ಲೆಕ್ಕಕ್ಕೆ. ಕೊನೆಯ ಸೆಮಿಸ್ಟರ್‌ನಲ್ಲಿ ಉಳಿದದ್ದು ಕಡಿಮೆ ಇದ್ದರೆ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಆಫೀಸಿನಲ್ಲಿ ಮೊದಲೇ ಅನುಮತಿ ಪಡೆದು ಕಡಿಮೆ ಕ್ರೆಡಿಟ್ ತೆಗೆದುಕೊಳ್ಳಬಹುದು. ಆದರೆ ಒಂದೇ ಕೋರ್ಸ್ ಬಾಕಿ ಇದ್ದರೆ ಅದು ಆನ್‌ಲೈನ್ ಆಗಿರಬಾರದು. ಅದಕ್ಕೇ ನಾನು ಕೊನೆಗೆ ಉಳಿಸಿಕೊಂಡಿದ್ದು ಕಲೆಯ ಖಾನೆಯ ಥಿಯೇಟರ್ ಕೋರ್ಸ್, ಕ್ಲಾಸಿಗೆ ಹೋಗಿಯೇ ಕೂರಬೇಕಾದದ್ದು.