ಹಟ್ಟಿಯ ಅಷ್ಟೂ ಆಡಿಗೆ ಒಂದೇ ದಿನ ಹುಳದ ಮದ್ದು ಬೇಡ

ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಕರಾವಳಿಯಲ್ಲಿ ಆಡು ಸಾಕುವವರು ಹುಳದ ಮದ್ದಿನ ಬಾಟಲಿ ತರುತ್ತಾರೆ. ಹಟ್ಟಿಯಲ್ಲಿರುವ ಅಷ್ಟಕ್ಕೂ ಅಂದಾಜಿನಲ್ಲಿ ಕುಡಿಸುತ್ತಾರೆ, ಮೂರು ತಿಂಗಳು ಬಿಟ್ಟು ಮತ್ತೆ ಕುಡಿಸುತ್ತಾರೆ. ಕೆಲವು ವರ್ಷ ಇದು ನಡೆಯುತ್ತದೆ. ಆಮೇಲೊಂದು ಆಟಿ ತಿಂಗಳ ಮಳೆಯಲ್ಲಿ, ಮದ್ದು ಕುಡಿದ ಆಡುಗಳೇ ಬಿಳಿಚಿಕೊಂಡು ಮಲಗುತ್ತವೆ. ಮದ್ದು ನಕಲಿ ಎಂದು ಅಂಗಡಿಯವರನ್ನು ಬೈಯುವ ಮೊದಲು, ಹುಳವೇ ಮದ್ದಿಗೆ ಜಗ್ಗದಂತಾಗಿದೆಯೇ ಎಂದು ನೋಡಬೇಕು.

ಬಿಸಿಲು ಮಳೆ ಎರಡೂ ಇರುವ ನಮ್ಮಂಥ ಊರುಗಳಲ್ಲಿ ಆಡಿಗೆ ದೊಡ್ಡ ಕಂಟಕ ಹೀಮಾಂಕಸ್ ಎಂಬ ರಕ್ತಹುಳ. ನಾಲ್ಕನೇ ಹೊಟ್ಟೆಯಲ್ಲಿ ಕಚ್ಚಿಕೊಂಡು ಒಂದೊಂದೂ ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಹೀರುತ್ತದೆ. ಸಾವಿರ ಹುಳ ಸೇರಿದರೆ ದಿನಕ್ಕೆ 50 ಮಿ.ಲೀ. ಹೋಯಿತು. ಹೆಣ್ಣುಹುಳ ದಿನಕ್ಕೆ ಐದಾರು ಸಾವಿರ ಮೊಟ್ಟೆ ಇಡುತ್ತದೆ. ಮೊಟ್ಟೆ ಹಿಕ್ಕೆಯೊಂದಿಗೆ ನೆಲಕ್ಕೆ ಬಿದ್ದು, ತೇವ ಮತ್ತು ಸೆಕೆ ಸಿಕ್ಕರೆ ಒಂದು ವಾರದೊಳಗೆ ಮರಿಹುಳವಾಗಿ ಹುಲ್ಲಿನ ಬುಡಕ್ಕೆ ಹತ್ತುತ್ತದೆ. ಆಡು ಆ ಹುಲ್ಲು ತಿಂದ ಮೂರು ವಾರಕ್ಕೆ ಮತ್ತೆ ಮೊಟ್ಟೆ. ಈ ಹುಳ ಹೆಚ್ಚಾದ ಆಡು ಭೇದಿ ಮಾಡಲೇಬೇಕೆಂದಿಲ್ಲ. ಹಿಕ್ಕೆ ಗಟ್ಟಿಯಾಗಿಯೇ ಇರುತ್ತದೆ, ಆಡು ಒಳಗೊಳಗೇ ಬಸವಳಿಯುತ್ತದೆ. ದವಡೆಯಡಿ ನೀರು ತುಂಬಿದ ಬಾವು ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಮೊದಲು ಕಣ್ಣು ನೋಡಿ

ಹಗಲು ಬೆಳಕಿನಲ್ಲಿ ಆಡನ್ನು ಹಿಡಿಯಿರಿ. ಒಂದು ಹೆಬ್ಬೆರಳಿನಿಂದ ಮೇಲ್ರೆಪ್ಪೆ ಮುಚ್ಚಿ ಕಣ್ಣುಗುಡ್ಡೆಯನ್ನು ಮೆಲ್ಲಗೆ ಒತ್ತಿ, ಇನ್ನೊಂದರಿಂದ ಕೆಳರೆಪ್ಪೆ ಎಳೆಯಿರಿ. ಒಳಪದರ ಹೊರಕ್ಕೆ ಉಬ್ಬುತ್ತದೆ. ಕಡುಕೆಂಪಾದರೆ 1, ಕೆಂಪು ಮಿಶ್ರಿತ ಗುಲಾಬಿ 2, ಗುಲಾಬಿ 3, ಬಿಳಿಚಿದ ಗುಲಾಬಿ 4, ಕಾಗದದಂತೆ ಬೆಳ್ಳಗಾದರೆ 5. ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡ ಈ ಫಮಾಚಾ ವಿಧಾನಕ್ಕೆ ಬಣ್ಣದ ಕಾರ್ಡ್ ಇದೆ. ಪಶುವೈದ್ಯರ ಹತ್ತಿರ ಒಮ್ಮೆ ಕೈಹಿಡಿದು ಕಲಿತುಕೊಳ್ಳಿ, ಫೋನಿನ ಫೋಟೋ ನೋಡಿ ಬಣ್ಣ ಹೋಲಿಸಬೇಡಿ.

4 ಮತ್ತು 5 ಬಂದವಕ್ಕೆ ಮದ್ದು ಬೇಕೇಬೇಕು. ಆಡಿನಲ್ಲಿ 3 ಬಂದರೂ ಕೊಡುವುದು ಲೇಸು, ಅದರಲ್ಲೂ ಮರಿಗಳಿಗೆ, ಗಬ್ಬದ ಮತ್ತು ಈಗಷ್ಟೇ ಈದ ಆಡುಗಳಿಗೆ. 1, 2 ಬಂದು ಮೈಕೈ ತುಂಬಿಕೊಂಡಿರುವವನ್ನು ಹಾಗೇ ಬಿಡಿ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ನೋಡಿ, ಪುಸ್ತಕದಲ್ಲಿ ಬರೆದಿಡಿ. ಪ್ರತಿ ಸಲ ಮದ್ದು ಬೇಡುವ ಆಡಿನ ಮರಿಯನ್ನು ತಳಿಗೆ ಇಟ್ಟುಕೊಳ್ಳಬೇಡಿ.

ಹುಳ ಇದ್ದರೂ ಬಿಡುವುದು ಯಾಕೆ ಎಂದು ಕೇಳುವವರಿದ್ದಾರೆ. ಇಡೀ ವಿಷಯದ ತಿರುಳೇ ಇದು. ಎಲ್ಲಕ್ಕೂ ಮದ್ದು ಕುಡಿಸಿದರೆ ಬದುಕುಳಿಯುವುದು ಮದ್ದಿಗೆ ಜಗ್ಗದ ಹುಳ ಮಾತ್ರ. ಮುಂದೆ ನೆಲದ ಮೇಲೆಲ್ಲ ಅವುಗಳ ಸಂತಾನವೇ. ಕೆಲವು ಆಡುಗಳನ್ನು ಬಿಟ್ಟರೆ, ಮದ್ದು ಕಾಣದ ಹುಳಗಳೂ ಉಳಿದು ಜಗ್ಗದ ಹುಳಗಳೊಂದಿಗೆ ಕೂಡಿ, ಮದ್ದಿಗೆ ಸಾಯುವ ಗುಣ ಹಿಂಡಿನಲ್ಲಿ ಉಳಿಯುತ್ತದೆ. ಹಿಂಡಿನ ಹೆಚ್ಚಿನ ಹುಳ ಕೆಲವೇ ಆಡುಗಳ ಹೊಟ್ಟೆಯಲ್ಲಿರುತ್ತದೆ, ಅವನ್ನು ಹುಡುಕಿ ಕೊಟ್ಟರೆ ದುಡ್ಡೂ ಉಳಿಯಿತು.

ತೂಕ, ಪ್ರಮಾಣ, ಕುಡಿಸುವ ಬಗೆ

ಕಣ್ಣಂದಾಜು ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ, ಕಡಿಮೆ ಮದ್ದು ಕುಡಿಸುವುದೆಂದರೆ ಹುಳಕ್ಕೆ ಪಾಠ ಹೇಳಿಕೊಟ್ಟಂತೆ. ತಕ್ಕಡಿ ಇಲ್ಲದಿದ್ದರೆ ಟೈಲರ್ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮುಂಗೆಣ್ಣಿನಿಂದ ಬಾಲದ ಬುಡದ ಪಕ್ಕದ ಮೂಳೆಯವರೆಗಿನ ಉದ್ದವನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಲೆಕ್ಕ ಸಿಗುತ್ತದೆ. ಸುತ್ತಳತೆ 26, ಉದ್ದ 24 ಇದ್ದರೆ ಸುಮಾರು 24.6 ಕಿಲೋ.

ಆಡಿನ ದೇಹ ಕುರಿಗಿಂತ ಬೇಗ ಮದ್ದನ್ನು ಹೊರಹಾಕುತ್ತದೆ. ಹಾಗಾಗಿ ಬಾಟಲಿಯ ಮೇಲಿನ ಕುರಿಯ ಲೆಕ್ಕ ಆಡಿಗೆ ಹಲವು ಸಲ ಸಾಲುವುದಿಲ್ಲ. ಅಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಅನ್ನು ವೈದ್ಯರು ಎರಡರಷ್ಟು ಹೇಳುವುದುಂಟು. ಲೆವಮಿಸೋಲ್ ಮಾತ್ರ ಒಂದೂವರೆಪಟ್ಟು ಮೀರಬಾರದು, ಹೆಚ್ಚಾದರೆ ವಿಷ. ನಿಮ್ಮ ಆಡಿನ ತೂಕ ಹೇಳಿ ವೈದ್ಯರಿಂದಲೇ ಮಿ.ಲೀ. ಬರೆಸಿಕೊಳ್ಳಿ. ಗಬ್ಬದ ಮೊದಲ ತಿಂಗಳಲ್ಲಿ ಅಲ್ಬೆಂಡಜೋಲ್ ಬೇಡ.

ಕುಡಿಸುವಾಗ ತಲೆಯನ್ನು ಆಕಾಶಕ್ಕೆ ಎತ್ತಬೇಡಿ, ಮದ್ದು ಶ್ವಾಸಕೋಶಕ್ಕೆ ಇಳಿದೀತು. ಸೂಜಿ ಇಲ್ಲದ ಸಿರಿಂಜನ್ನು ಬಾಯಿಯ ಪಕ್ಕದಿಂದ ತೂರಿಸಿ ನಾಲಿಗೆಯ ಹಿಂಬದಿಗೆ ಬಿಡಿ. ಬಾಯಿಯ ಮುಂದೆಯೇ ಹಾಕಿದರೆ ಮದ್ದು ಮೊದಲ ಹೊಟ್ಟೆಗೆ ಹೋಗದೆ ಬೇಗ ಕೆಳಗಿಳಿದು ಹೋಗಬಹುದು, ಆಗ ಅದಕ್ಕೆ ಕೆಲಸ ಮಾಡಲು ಹೊತ್ತು ಸಾಲದು.

ಹೆಸರು ಬೇರೆ, ಮದ್ದು ಅದೇ

ಬ್ರ್ಯಾಂಡ್ ಬದಲಿಸಿದರೆ ಮದ್ದು ಬದಲಾಯಿತು ಎಂದಲ್ಲ. ಅಲ್ಬೆಂಡಜೋಲ್ ಮತ್ತು ಫೆನ್‌ಬೆಂಡಜೋಲ್ ಒಂದೇ ಗುಂಪು, ಒಂದಕ್ಕೆ ಜಗ್ಗದ ಹುಳ ಇನ್ನೊಂದಕ್ಕೂ ಜಗ್ಗುವುದಿಲ್ಲ. ಲೆವಮಿಸೋಲ್ ಬೇರೆ ಗುಂಪು, ಐವರ್‌ಮೆಕ್ಟಿನ್ ಮತ್ತೊಂದು. ಬಾಟಲಿಯ ಮೇಲೆ ಸಣ್ಣಕ್ಷರದಲ್ಲಿರುವ ಹೆಸರನ್ನೇ ಓದಿ.

ಮದ್ದು ಕೆಲಸ ಮಾಡಿತೇ ಎಂದು ತಿಳಿಯಲು ಹಿಕ್ಕೆ ಪರೀಕ್ಷೆಯೇ ದಾರಿ. ಕುಡಿಸುವ ದಿನ ಒಮ್ಮೆ, 10ರಿಂದ 14 ದಿನದ ಮೇಲೆ ಇನ್ನೊಮ್ಮೆ, ಅದೇ ಆಡುಗಳ ಗುದದ್ವಾರದಿಂದ ಗ್ಲೌಸ್ ಹಾಕಿದ ಕೈಯಲ್ಲಿ ತಾಜಾ ಹಿಕ್ಕೆ ತೆಗೆದು, ತಂಪಿನಲ್ಲಿಟ್ಟು ಅಂದೇ ಪಶು ಆಸ್ಪತ್ರೆಗೆ ತಲುಪಿಸಿ. ಗ್ರಾಂಗೆ 1000 ಮೊಟ್ಟೆ ಇದ್ದದ್ದು 50 ಅಥವಾ ಅದಕ್ಕೂ ಕೆಳಗೆ ಇಳಿದರೆ ಮದ್ದು ಗಟ್ಟಿ. 400ರಲ್ಲೇ ನಿಂತರೆ ಆ ಗುಂಪಿನ ಮದ್ದು ನಿಮ್ಮ ಹಟ್ಟಿಯಲ್ಲಿ ಸೋತಿದೆ. ಎಲ್ಲಿಗೆ ಕೊಂಡೊಯ್ಯಬೇಕೆಂದು ಗೊತ್ತಾಗದಿದ್ದರೆ ಮಂಗಳೂರಿನ ಕಂಕನಾಡಿ ಅಥವಾ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಹಿಕ್ಕೆ ಮತ್ತು ಹುಲ್ಲು

ನಮ್ಮಲ್ಲಿ ಆಡು ನೆಲದಿಂದ ಎತ್ತರಿಸಿ ಕಟ್ಟಿದ ಅಟ್ಟದ ಮೇಲಿದ್ದರೂ ಹುಳ ಬಿಡುವುದಿಲ್ಲ ಎಂಬ ದೂರಿದೆ. ಕಾರಣ ಹೆಚ್ಚಾಗಿ ತೋಟದಲ್ಲಿ. ಅಟ್ಟದಡಿಯ ಹಸಿ ಹಿಕ್ಕೆಯನ್ನು ಅಡಿಕೆ ಬುಡಕ್ಕೆ ಹಾಕುತ್ತೇವೆ, ಅಲ್ಲೇ ಬೆಳೆದ ಹುಲ್ಲನ್ನು ನೆಲಮಟ್ಟಕ್ಕೆ ಕೊಯ್ದು ಬೆಳಗ್ಗೆ ಇಬ್ಬನಿ ಸಮೇತ ಆಡಿಗೆ ಹಾಕುತ್ತೇವೆ. ಹುಳ ತಿರುಗಿ ಹೊಟ್ಟೆಗೆ ಬಂತು! ಹಿಕ್ಕೆಯನ್ನು ರಾಶಿ ಹಾಕಿ, ಕಾವು ಏರಿ ಕೊಳೆತ ಮೇಲೆ ತೋಟಕ್ಕೆ ಬಿಡಿ. ಹುಲ್ಲನ್ನು ನಾಲ್ಕಿಂಚು ಬಿಟ್ಟು ಕೊಯ್ಯಿರಿ, ಬಿಸಿಲು ಕಂಡರೆ ಬಾಡಿಸಿ. ಹಲಸಿನ ಸೊಪ್ಪು, ಗೊಬ್ಬರದ ಗಿಡದ ಸೊಪ್ಪಿನಂಥ ಮೇಲಿನ ಮೇವಿಗೆ ಈ ಮರಿಹುಳ ಹತ್ತುವುದಿಲ್ಲ, ಮಳೆಗಾಲದಲ್ಲಿ ಅದರ ಪಾಲು ಹೆಚ್ಚಿಸಿ, ನೆಲದಲ್ಲಿ ಹರಡದೆ ಎತ್ತರಕ್ಕೆ ಕಟ್ಟಿ.

ಘಟ್ಟದ ಮೇಲಿನಿಂದಲೋ ಕೇರಳದಿಂದಲೋ ತಂದ ಆಡು ಜಗ್ಗದ ಹುಳವನ್ನೂ ತಂದೀತು. ಮೂರು ವಾರ ಬೇರೆ ಕಟ್ಟಿ. ವೈದ್ಯರ ಸಲಹೆಯಂತೆ ಎರಡು ಬೇರೆ ಗುಂಪಿನ ಮದ್ದನ್ನು ಒಂದೇ ದಿನ ಬೇರೆ ಬೇರೆ ಸಿರಿಂಜಿನಲ್ಲಿ ಕೊಡಿ, ಹಿಕ್ಕೆ ಪರೀಕ್ಷೆ ಆದ ಮೇಲೆ ಹಿಂಡಿಗೆ ಬಿಡಿ. ಮಾರುವ ಆಡಾದರೆ ಮದ್ದಾದ ಎಷ್ಟು ದಿನ ಕಡಿಯಬಾರದು, ಹಾಲು ಕುಡಿಯಬಾರದು ಎಂದೂ ಕೇಳಿಟ್ಟುಕೊಳ್ಳಿ.

ಕಣ್ಣು ಬಿಳಿಚಿದ್ದೆಲ್ಲ ರಕ್ತಹುಳವಲ್ಲ. ಕೊಯ್ಲಾದ ಗದ್ದೆಯಲ್ಲಿ, ತೋಡಿನ ಬದಿಯಲ್ಲಿ ಮೇಯುವ ಆಡಿಗೆ ಬಸವನಹುಳದ ಮೂಲಕ ಯಕೃತ್ತಿನ ಹುಳ ಹತ್ತುತ್ತದೆ. ಅದಕ್ಕೆ ಐವರ್‌ಮೆಕ್ಟಿನ್ ಏನೂ ಮಾಡದು, ಟ್ರೈಕ್ಲಾಬೆಂಡಜೋಲ್, ಆಕ್ಸಿಕ್ಲೋಜನೈಡ್‌ನಂಥ ಬೇರೆ ಮದ್ದು ಬೇಕು. ಮರಿಗಳ ರಕ್ತಭೇದಿಗೆ ಕಾಕ್ಸಿಡಿಯಾ ಎಂಬ, ಹುಳವಲ್ಲದ ಸೂಕ್ಷ್ಮಜೀವಿ ಕಾರಣವಾಗಿದ್ದರೆ ಹುಳದ ಮದ್ದೇ ದಂಡ. ಹಿಕ್ಕೆ ಕೊಡುವಾಗ ಆಡು ಎಲ್ಲಿ ಮೇಯುತ್ತದೆ, ಮರಿಗೆಷ್ಟು ವಯಸ್ಸು ಎಂದು ಚೀಟಿಯಲ್ಲಿ ಬರೆದು ಕೊಡಿ. ಎದ್ದು ನಿಲ್ಲಲಾರದ ಆಡಿದ್ದರೆ ಚೀಟಿಗೆ ಕಾಯದೆ 1962ಕ್ಕೆ ಕರೆ ಮಾಡಿ, ಪಶು ಸಂಜೀವಿನಿ ವಾಹನ ಮನೆಗೇ ಬರುತ್ತದೆ.