ಕಥೆಯ ಪಾತ್ರಕ್ಕೆ ಜೀವ ತುಂಬುವುದು ಹೇಗೆ?

ಕಥೆ ಬರೆಯಲು ಕೂತವರು ಮೊದಲು ಹುಡುಕುವುದು ಘಟನೆಯನ್ನು. ಒಂದು ಅಪಘಾತ, ಒಂದು ಮೋಸ, ಇಲ್ಲವೇ ಒಂದು ಕೊಲೆ. ಆದರೆ ಅದು ಯಾರಿಗಾಯಿತು ಅನ್ನುವುದು ಮನಸ್ಸಿಗೆ ತಾಗದಿದ್ದರೆ ಓದುಗ ಅದನ್ನು ಸುದ್ದಿಯ ಹಾಗೆ ಓದಿ ಪುಟ ಮಗುಚುತ್ತಾನೆ. ಹಾಗಾಗಿ ಪಾತ್ರದಿಂದಲೇ ಶುರು ಮಾಡಿ.

ಮೊದಲು, ಈ ವ್ಯಕ್ತಿಗೆ ಏನು ಬೇಕು ಎಂದು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ಎತ್ತರ, ಮೈಬಣ್ಣ, ಉಡುಪು ಎಲ್ಲ ಆಮೇಲೆ. ಕೆಲವರು ಹುಟ್ಟಿದ ದಿನದಿಂದ ಹಿಡಿದು ಇಷ್ಟದ ಬಣ್ಣದವರೆಗೆ ಉದ್ದ ಪಟ್ಟಿ ಮಾಡುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ಕಥೆಯೊಳಗೆ ಬರುವುದೇ ಇಲ್ಲ. 'ಪ್ರೀತಿ ಬೇಕು' ಅಂತ ಬರೆದರೂ ಸಾಲದು, ಅದು ಎಲ್ಲರಿಗೂ ಬೇಕು ಅಲ್ವಾ? ಆಸೆ ಆ ಒಬ್ಬನದೇ ಆಗಿರಬೇಕು. ಉದಾಹರಣೆಗೆ, ಅಂಗಡಿಯ ಒಬ್ಬ ಕ್ಯಾಷಿಯರ್. 20 ವರ್ಷದಲ್ಲಿ ಅವನ ಲೆಕ್ಕ ಒಂದು ದಿನವೂ ತಪ್ಪಿಲ್ಲ. ಆ ಹೆಸರು ಉಳಿಯಬೇಕು, ಅಷ್ಟೇ ಅವನಿಗೆ ಬೇಕಾದ್ದು.

ಈಗ ಆ ಆಸೆಗೇ ಪೆಟ್ಟು ಕೊಡಿ. ಸಂಜೆ ಲೆಕ್ಕ ಮುಗಿಸುವಾಗ ಹಣ ಕಡಿಮೆ ಬರುತ್ತದೆ. ತಪ್ಪು ಹೊಸದಾಗಿ ಸೇರಿದ ಹುಡುಗನದು. ಕ್ಯಾಷಿಯರ್ ಏನೂ ಮಾತಾಡದೆ ತನ್ನ ಜೇಬಿನ ದುಡ್ಡು ತೆಗೆದು ಗಲ್ಲಾಪೆಟ್ಟಿಗೆಗೆ ಹಾಕುತ್ತಾನೆ. ಹುಡುಗನ ಪಾಲಿಗೆ ಅವನು ದೇವರು. ಓದುಗನಿಗೂ ಹಾಗೇ ಅನ್ನಿಸುತ್ತದೆ. ಮರುದಿನ ಬೆಳಿಗ್ಗೆ ಅವನು ಮಾಲೀಕರ ಹತ್ತಿರ ಹೋಗಿ, "ಆ ಹುಡುಗ ಕೌಂಟರಿಗೆ ಬೇಡ ಸಾರ್, ಗೋದಾಮಿಗೆ ಹಾಕಿ" ಎನ್ನುತ್ತಾನೆ.

ದುಡ್ಡು ಹಾಕಿದ್ದೂ, ದೂರು ಹೇಳಿದ್ದೂ ಒಂದೇ ಆಸೆಯಿಂದ. 'ಅವನು ಸ್ವಾಭಿಮಾನಿ, ಸ್ವಲ್ಪ ಕ್ರೂರಿ' ಅಂತ ನೀವು ಎಲ್ಲೂ ಬರೆಯಬೇಕಾಗಿಲ್ಲ. ಮುಂದಿನ ಘಟನೆಗಾಗಿ ತಲೆ ಕೆರೆದುಕೊಳ್ಳುವುದೂ ಬೇಡ. ಹುಡುಗನಿಗೆ ವಿಷಯ ಗೊತ್ತಾದ ದಿನ ಏನಾಗುತ್ತದೆ? ಕಥೆ ಆಗಲೇ ನಡೆಯಲು ಶುರುವಾಗಿದೆ.

ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್‌ಸ್ಟರ್ 1927ರಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಪಾತ್ರಗಳನ್ನು ಚಪ್ಪಟೆ, ದುಂಡು ಎಂದು ವಿಂಗಡಿಸಿದ್ದರು. ನಂಬುವ ಹಾಗೆ ಅಚ್ಚರಿ ಹುಟ್ಟಿಸಿದರೆ ಅದು ದುಂಡು ಪಾತ್ರ. ಅಚ್ಚರಿಯೇ ಇಲ್ಲದಿದ್ದರೆ ಚಪ್ಪಟೆ. ಬರೆದದ್ದನ್ನು ತಿದ್ದುವಾಗ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ. ಹಾಗಂತ ಎಲ್ಲರನ್ನೂ ದುಂಡಾಗಿಸಲು ಹೋಗಬೇಡಿ. ನಮ್ಮ ಕಥೆಯ ಮಾಲೀಕ ಚಪ್ಪಟೆಯಾಗಿದ್ದರೂ ನಡೆಯುತ್ತದೆ. ಅವನ ಬಾಲ್ಯದ ಕಥೆ ಹೇಳಿದರೆ ಸುಮ್ನೆ ಪುಟ ಜಾಸ್ತಿಯಾಗುತ್ತದೆ.

ಸಂಭಾಷಣೆಗೆ ಬಂದಾಗ, ಯಾರು ಹೇಳಿದರು ಅನ್ನುವುದನ್ನು ಮುಚ್ಚಿಟ್ಟು ಮಾತಷ್ಟನ್ನೇ ಜೋರಾಗಿ ಓದಿ. ಯಾರ ಮಾತು ಯಾವುದು ಎಂದು ಗೊತ್ತಾಗದಿದ್ದರೆ ಎಲ್ಲರೂ ನಿಮ್ಮ ಹಾಗೇ ಮಾತಾಡುತ್ತಿದ್ದಾರೆ ಎಂದರ್ಥ. ಕ್ಯಾಷಿಯರ್ ಅಳೆದು ತೂಗಿ ಮಾತಾಡಲಿ. ಯಾರೂ ಕೇಳದಿದ್ದರೂ ಹುಡುಗ ಕಾರಣ ಹೇಳಲಿ.

ಕೊನೆಗೆ, ಕಥೆ ಮುಗಿಯಬೇಕು ಅನ್ನುವ ಅವಸರಕ್ಕೆ ಪಾತ್ರವನ್ನು ಬಗ್ಗಿಸಿದ ಜಾಗಗಳನ್ನು ಹುಡುಕಿ. ಕ್ಯಾಷಿಯರ್ ಇದ್ದಕ್ಕಿದ್ದಂತೆ ಹುಡುಗನ ಕೈ ಹಿಡಿದು ಕ್ಷಮೆ ಕೇಳಿದರೆ ಯಾರು ನಂಬುತ್ತಾರೆ? ಅಂಥ ಕಡೆ ಅವನನ್ನು ಬದಲಿಸಬೇಡಿ, ಘಟನೆಯನ್ನು ಬದಲಿಸಿ. ಅವನು ಕ್ಷಮೆ ಕೇಳಲೇಬೇಕು ಎಂದಿದ್ದರೆ, ಅದಕ್ಕೂ ಮೊದಲು ಒಂದು ಸಂಜೆ ಲೆಕ್ಕ ಅವನ ಕೈಯಲ್ಲೇ ತಪ್ಪಲಿ.