ಬೆಳಗಾವಿಯಲ್ಲಿ ಮನಸ್ಸಿನ ಡಾಕ್ಟರನ್ನು ಹುಡುಕಿದ್ದು: ನನ್ನ ಅನುಭವ

ಬೆಳಗಾವಿಯಲ್ಲಿ ಹಲ್ಲಿನ ಡಾಕ್ಟರ್ ಯಾರು ಒಳ್ಳೆಯವರು ಅಂತ ಕೇಳಿದರೆ ಚಹಾದಂಗಡಿಯಲ್ಲೇ ನಾಲ್ಕು ಹೆಸರು ಸಿಗುತ್ತವೆ. ಮನಸ್ಸಿನ ಡಾಕ್ಟರ್ ಯಾರು ಅಂತ ಕೇಳೋಕೆ ನಮಗೆ ಬಾಯೇ ಬರುವುದಿಲ್ಲ. ಊರಲ್ಲಿ ಡಾಕ್ಟರೇ ಇಲ್ಲ ಅಂತಲ್ಲ. ಯಾವ ಬಾಗಿಲು ಮೊದಲು ತಟ್ಟಬೇಕು, ಅಲ್ಲಿ ಏನು ಕೇಳಬೇಕು ಅನ್ನೋದು ಗೊತ್ತಿರುವುದಿಲ್ಲ, ಅಷ್ಟೆ.

ನಾನು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಲೆಕ್ಕ ಬರೆಯುತ್ತೇನೆ. ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳೋದು, ಕೈ ಬೆವರೋದು, ಈಗ ಸತ್ತೇ ಹೋದೆ ಅನ್ನುವಷ್ಟು ಭಯ. ಸ್ವಲ್ಪ ಹೊತ್ತಿಗೆ ತಾನಾಗೇ ಇಳಿಯೋದು. ಎಲ್ಲರ ಹಾಗೆ ನಾನೂ ಮೊದಲು ಹೃದಯದ ಡಾಕ್ಟರ ಹತ್ತಿರ ಹೋದೆ. ಅದು ಸರಿಯಾದ ದಾರಿಯೇ. ಇಸಿಜಿ, ಎಕೋ, ರಕ್ತ, ಥೈರಾಯ್ಡ್ ಎಲ್ಲ ನಾರ್ಮಲ್ ಬಂತು. ಥೈರಾಯ್ಡ್ ಜಾಸ್ತಿಯಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ, ಆ ಪರೀಕ್ಷೆ ಬಿಡಬೇಡಿ. ರಿಪೋರ್ಟ್ ನೋಡಿದ ಡಾಕ್ಟರು, ‘ಏನೂ ಇಲ್ರಿ, ಟೆನ್ಶನ್ ತಗೋಬ್ಯಾಡ್ರಿ’ ಅಂದು ಕಳಿಸಿಬಿಟ್ಟರು. ಟೆನ್ಶನ್ ತಗೊಳ್ಳದೆ ಇರೋದು ಹೇಗೆ ಅಂತ ಯಾವ ಕೌಂಟರಿನಲ್ಲಿ ಕೇಳಬೇಕು?

ಮನೋರೋಗ ತಜ್ಞರಿಗೆ ತೋರಿಸುತ್ತೇನೆ ಅಂದಾಗ ಅವ್ವ ಗಾಬರಿಯಾದಳು. ‘ಧಾರವಾಡಕ್ಕ ಕಳಸ್ತಾರೇನಪಾ ನಿನ್ನ?’ ಅಂದಳು. ನಮ್ಮ ಕಡೆ ಧಾರವಾಡದ ಹೆಸರಿಗೆ ಪೇಢೆಯ ಜೊತೆ ಇದೊಂದು ಅಂಟಿಕೊಂಡಿದೆ. ಅಲ್ಲಿನ ಮಾನಸಿಕ ಆಸ್ಪತ್ರೆ ಬ್ರಿಟಿಷರ ಕಾಲದ್ದು, ಈಗ ಅದರ ಹೆಸರು ಡಿಮ್ಹಾನ್ಸ್. ಅಲ್ಲಿಗೂ ಒಪಿಡಿಗೆ, ಅಂದರೆ ಹೊರರೋಗಿ ವಿಭಾಗಕ್ಕೆ ಹೋಗಿ, ಔಷಧಿ ತಗೊಂಡು ಸಂಜೆ ಬಸ್ಸಿಗೆ ಮನೆಗೆ ಬರಬಹುದು ಅಂತ ಹೇಳಿದರೂ ಅವ್ವನಿಗೆ ಸಮಾಧಾನ ಆಗಲಿಲ್ಲ. ನನಗಂತೂ ಬೆಳಗಾವಿ ದಾಟುವ ಪ್ರಸಂಗವೇ ಬರಲಿಲ್ಲ.

ಮೊದಲು ಮಾಡಿದ್ದು ಒಂದು ಫೋನ್. ನಂಬರ್ 14416, ಟೆಲಿಮನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ್ದು. ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ, ಕನ್ನಡ ಆರಿಸಿಕೊಳ್ಳಬಹುದು. ನಿದ್ದೆ ಬಾರದ ಒಂದು ರಾತ್ರಿ ಮಾಡಿದೆ. ಆ ಕಡೆಯ ಹೆಣ್ಣುಮಗಳು ಉಪದೇಶ ಮಾಡಲಿಲ್ಲ. ನಿದ್ದೆ ಹೇಗಿದೆ, ಮನೆಯಲ್ಲಿ ಜೊತೆಗೆ ಯಾರಿದ್ದಾರೆ ಅಂತ ಕೇಳಿದರು. ಸಾಯಬೇಕು ಅನ್ನುವ ವಿಚಾರ ಬರುತ್ತಿದೆಯಾ ಅಂತ ನೇರವಾಗಿಯೇ ಕೇಳಿದರು. ಬರುತ್ತಿರಲಿಲ್ಲ. ಆದರೆ ಹಾಗೆ ಸೀದಾ ಕೇಳಿದ್ದಕ್ಕೇ ನನಗೆ ಧೈರ್ಯ ಬಂತು. ಹತ್ತಿರದ ದೊಡ್ಡ ಆಸ್ಪತ್ರೆಯ ಮನೋರೋಗ ಒಪಿಡಿಗೆ ಹೋಗಿ ಅಂದರು.

ನನ್ನ ಅಭಿಪ್ರಾಯವೂ ಅದೇ. ಮೊದಲು ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹೋಗಿ. ಬೆಳಗಾವಿಯಲ್ಲಿ ಬಿಮ್ಸ್ ಇದೆ, ನೆಹರು ನಗರದಲ್ಲಿ ಕೆಎಲ್‌ಇ ಇದೆ. ವಿಜಯಪುರದವರಿಗೆ ಬಿಎಲ್‌ಡಿಇ, ಬಾಗಲಕೋಟೆಯವರಿಗೆ ನಿಜಲಿಂಗಪ್ಪ ಮೆಡಿಕಲ್ ಕಾಲೇಜು. ಖರ್ಚು ಕಡಿಮೆ. ಕಾಯೋದು ಮಾತ್ರ ಜಾಸ್ತಿ.

ನಾನು ಹೋದ ಒಪಿಡಿಯಲ್ಲಿ ಪಕ್ಕದ ಬೆಂಚಿನಲ್ಲಿ ಕುಡಿತ ಬಿಡಿಸಲು ಅಣ್ಣನನ್ನು ಕರೆತಂದವನಿದ್ದ. ಅವನಾಚೆ ಪರೀಕ್ಷೆಗೆ ಹೆದರಿ ಊಟ ಬಿಟ್ಟ ಹುಡುಗಿ, ಮೊಮ್ಮಗನ ಜೊತೆ ಬಂದ ಒಬ್ಬ ಮುದುಕಿ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಪರಿಚಯದವರು ಸಿಕ್ಕರೆ ಏನು ಗತಿ ಅಂತ ನನಗೂ ಇತ್ತು. ಸಿಕ್ಕರೆ ಅವರೂ ಅಲ್ಲಿಗೇ ಬಂದಿರುತ್ತಾರೆ, ಅಲ್ವಾ?

ಮೊದಲು ಕಲಿಯುವ ಡಾಕ್ಟರೊಬ್ಬರು ಎಲ್ಲ ಕೇಳಿ ಬರೆದುಕೊಂಡರು. ಆಮೇಲೆ ದೊಡ್ಡ ಡಾಕ್ಟರು. ಪ್ಯಾನಿಕ್, ಅಂದರೆ ಇದ್ದಕ್ಕಿದ್ದಂತೆ ಏರಿಬರುವ ವಿಪರೀತ ಭಯ ಅಂದರು. ಆತಂಕ ಇಳಿಸುವ ಎಸ್ಸಿಟಾಲೋಪ್ರಾಮ್ ಮಾತ್ರೆ ಬರೆದು, ಫಲ ಕಾಣಲು ಕೆಲವು ವಾರ ಬೇಕು, ಶುರುವಿನಲ್ಲಿ ಹೊಟ್ಟೆ ತೊಳಸಬಹುದು, ನಿಮ್ಮ ಮನಸ್ಸಿಗೆ ಬಂದಂತೆ ನಿಲ್ಲಿಸಬೇಡಿ ಅಂದರು. ತೀರಾ ಕಷ್ಟವಾದರೆ ಅಂತ ಕ್ಲೋನಾಜೆಪಾಮ್ ಕೆಲವೇ ಮಾತ್ರೆ ಕೊಟ್ಟರು. ಅದು ಚಟ ಹಿಡಿಸುವ ಮಾತ್ರೆ, ಹಳೇ ಚೀಟಿ ತೋರಿಸಿ ಮತ್ತೆ ಮತ್ತೆ ತರಬೇಡಿ ಅಂತ ಚೀಟಿಯ ಮೇಲೆ ಗೆರೆ ಎಳೆದು ತೋರಿಸಿದರು. ಇದು ನನ್ನ ಚೀಟಿ, ನಿಮ್ಮದಲ್ಲ. ಇದನ್ನು ಓದಿ ಮಾತ್ರೆ ತಗೋಬೇಡಿ.

ಮಾತ್ರೆಯ ಜೊತೆ ಥೆರಪಿಯೂ ಬೇಕು ಅಂದರು. ನಿಜವಾದ ಹುಡುಕಾಟ ಶುರುವಾಗಿದ್ದು ಆಗ. ಔಷಧಿ ಬರೆಯುವವರು ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಓದಿದ ಡಾಕ್ಟರು. ಕ್ಲಿನಿಕಲ್ ಸೈಕಾಲಜಿಸ್ಟ್ ಔಷಧಿ ಬರೆಯುವುದಿಲ್ಲ, ಕೂತು ಮಾತಾಡಿ ಥೆರಪಿ ಮಾಡುತ್ತಾರೆ. ಇವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಣಿ ಆಗಿರಬೇಕು. ನಂಬರ್ ಕೊಟ್ಟರೆ ಆರ್‌ಸಿಐ ವೆಬ್‌ಸೈಟಿನಲ್ಲಿ ನೋಡಬಹುದು. ಬರೀ ‘ಕೌನ್ಸೆಲರ್’ ಅಂತ ಬೋರ್ಡ್ ಹಾಕಿದವರಲ್ಲಿ ಒಳ್ಳೆಯವರೂ ಇದ್ದಾರೆ, ವಾರಾಂತ್ಯದ ಕೋರ್ಸ್ ಮಾಡಿದವರೂ ಇದ್ದಾರೆ. ಅದಕ್ಕೇ ಫೋನಿನಲ್ಲೇ ಕೇಳಿಬಿಡಿ: ಏನು ಓದೀರಿ, ನೋಂದಣಿ ನಂಬರ್ ಏನು, ಎಷ್ಟು ಹೊತ್ತು, ಎಷ್ಟು ಫೀ, ಕನ್ನಡದಲ್ಲಿ ಮಾತಾಡ್ತೀರಾ. ಒಳ್ಳೆಯವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಒಬ್ಬರು ನನ್ನ ಜನ್ಮನಕ್ಷತ್ರ ಕೇಳಿದರು. ಇನ್ನೊಬ್ಬರು ಮೂರೇ ಸಿಟ್ಟಿಂಗ್, ಗ್ಯಾರಂಟಿ ಅಂದರು. ಫೋನ್ ಇಟ್ಟುಬಿಟ್ಟೆ.

ಭಾಷೆಯ ಪ್ರಶ್ನೆಯನ್ನು ಸುಮ್ನೆ ಸೇರಿಸಿದ್ದಲ್ಲ. ಈ ಊರಲ್ಲಿ ಮರಾಠಿ, ಹಿಂದಿ ಎಲ್ಲ ನಡೆಯುತ್ತದೆ, ನಾನೂ ಬಜಾರಿನಲ್ಲಿ ಮರಾಠಿ ಮಾತಾಡುತ್ತೇನೆ. ಆದರೆ ಅಪ್ಪ ತೀರಿಕೊಂಡ ದಿನದ ಮಾತು ಬಂದಾಗ ನನಗೆ ಕನ್ನಡ ಬಿಟ್ಟು ಬೇರೆ ಬರಲಿಲ್ಲ. ಕೊನೆಗೆ ಸಿಕ್ಕ ಮೇಡಂ ಬಾಗಲಕೋಟೆ ಕಡೆಯವರು. ‘ಹೇಳ್ರಿ, ಏನ್ ನಡದೈತಿ?’ ಅಂತ ಶುರು ಮಾಡಿದರು.

ಅವರು ಒಂದು ನೋಟ್‌ಬುಕ್ ಇಡಲು ಹೇಳಿದರು. ಎಲ್ಲಿ, ಏನಾಯಿತು, ಆಗ ಬಂದ ವಿಚಾರ ಏನು, ಭಯಕ್ಕೆ ನೂರರಲ್ಲಿ ಎಷ್ಟು ಮಾರ್ಕ್ಸ್. ಲೆಕ್ಕ ಬರೆಯುವವನಿಗೆ ಇದು ಒಗ್ಗಿತು. ಒಂದು ಪುಟ ಹೀಗಿದೆ: ‘ಖಡೇಬಜಾರ, ಸಂಜೆ, ಗದ್ದಲ. ಉಸಿರು ಕಟ್ಟಿತು. ವಿಚಾರ: ಇಲ್ಲೇ ಬೀಳ್ತೀನಿ. ಭಯ 80. ಓಡಿಹೋಗದೆ ಅಂಗಡಿ ಕಟ್ಟೆ ಹಿಡಿದು ನಿಂತೆ. ಆಮೇಲೆ 30.’ ಅದನ್ನು ಓದಿ ಮೇಡಂ ಕೇಳಿದರು, ‘ಪ್ರತಿ ಪುಟದಾಗೂ ಬೀಳ್ತೀನಿ ಅಂತ ಬರದೀರಿ. ಎಷ್ಟು ಸಲ ಬಿದ್ದೀರಿ?’ ‘ಒಮ್ಮೇನೂ ಇಲ್ರಿ.’ ಅವರು ಮುಂದೆ ಏನೂ ಹೇಳಲಿಲ್ಲ, ಅದನ್ನೇ ಕೆಳಗೆ ಬರೆಸಿದರು. ಆಮೇಲೆ ಹಂತ ಹಂತವಾಗಿ ಗದ್ದಲಕ್ಕೆ ಕಳಿಸಿದರು. ಮೊದಲು ಅಂಗಡಿ ತೆರೆಯುವ ಹೊತ್ತಿನ ಬಜಾರು, ಆಮೇಲೆ ಸಂಜೆಯ ಸಿಟಿ ಬಸ್ಸು, ಕೊನೆಗೆ ಗಣಪತಿ ವಿಸರ್ಜನೆಯ ರಾತ್ರಿ. ಡಾಲ್ಬಿ ಸ್ಪೀಕರುಗಳ ಸದ್ದಿಗೆ ಎದೆ ಹೊಡೆದುಕೊಂಡಿತು, ಆದರೆ ಅದು ಎಲ್ಲರದೂ ಹೊಡೆದುಕೊಳ್ಳುತ್ತದೆ ಬಿಡಿ.

ದುಡ್ಡಿನ ವಿಷಯ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ಬೇರೆ ಕಾಯಿಲೆಯ ಹಾಗೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ಆದರೆ ಬಹಳಷ್ಟು ಪಾಲಿಸಿಗಳು ಆಸ್ಪತ್ರೆಗೆ ಸೇರಿದ ಖರ್ಚನ್ನಷ್ಟೇ ನೋಡುತ್ತವೆ, ಥೆರಪಿ ಫೀ ಕೈಯಿಂದಲೇ ಹೋಗುತ್ತದೆ. ಮೇಡಂ ಹತ್ತಿರ ವಾರಕ್ಕೊಮ್ಮೆ ಆಗುವುದಿಲ್ಲ, ಹದಿನೈದು ದಿನಕ್ಕೊಮ್ಮೆ ಬರ್ತೀನಿ ಅಂದೆ. ಒಪ್ಪಿದರು. ಫೀ ಬಗ್ಗೆ ಮಾತಾಡೋಕೆ ಸಂಕೋಚ ಬೇಡ. ಕೆಲಸದ ಜಾಗದ ಹೆದರಿಕೆಯೂ ಬೇಡ. ಚಿಕಿತ್ಸೆ ಕೊಡುವವರು ನಿಮ್ಮ ಕಾಯಿಲೆಯ ವಿಷಯ ಗುಟ್ಟಾಗಿ ಇಡಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ರಜೆ ಅರ್ಜಿಯಲ್ಲಿ ನಾನು ‘ಆಸ್ಪತ್ರೆಗೆ ಹೋಗುವುದಿದೆ’ ಅಂತಷ್ಟೇ ಬರೆಯುತ್ತಿದ್ದೆ.

ಗೋಕಾಕ, ಜಮಖಂಡಿ, ಇಂಡಿ ಕಡೆಯವರು ಜಿಲ್ಲಾ ಕೇಂದ್ರದವರೆಗೆ ಬರಲೇಬೇಕು ಅಂತಿಲ್ಲ. ಮನೋಚೈತನ್ಯ ಅನ್ನುವ ರಾಜ್ಯ ಸರ್ಕಾರದ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗಳಲ್ಲಿ ಮನೋರೋಗ ಕ್ಲಿನಿಕ್ ಇಡುತ್ತಾರೆ. ಈ ಮಂಗಳವಾರ ಡಾಕ್ಟರು ಬರ್ತಾರಾ ಅಂತ ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೊಂಡೇ ಬಸ್ ಹತ್ತಿ. ಹಳೇ ರಿಪೋರ್ಟ್, ಈಗ ತಗೊಳ್ಳುತ್ತಿರುವ ಮಾತ್ರೆಗಳ ಚೀಟಿ ಜೊತೆಗಿರಲಿ.